ಹೋಳಿಗೆಯ ಲೆಕ್ಕ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಮನೆಗಳಲ್ಲಿ ರೊಟ್ಟಿಯಾದ ಮೇಲೂ ಅನ್ನ ಬಡಿಸದೆ ಊಟ ಮುಗಿಯುವುದಿಲ್ಲ. ಮಧುಮೇಹವುಳ್ಳವರಿಗೆ ವೈದ್ಯರು ಇಂತಿಷ್ಟು ಕ್ಯಾಲೊರಿ ಎಂದು ಬರೆದುಕೊಟ್ಟಾಗ ಲೆಕ್ಕ ತಪ್ಪುವುದೂ ಈ ಅನ್ನದಲ್ಲಿಯೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಗಳಿವೆ. ಅದು ಬೆಂದು ಅನ್ನವಾದಾಗ 250ರಿಂದ 300 ಗ್ರಾಂ ತೂಗುತ್ತದೆ. ನೀರಿನಲ್ಲಿ ಕ್ಯಾಲೊರಿ ಇಲ್ಲದ ಕಾರಣ ಶಕ್ತಿಯು ಮೊದಲಿನಷ್ಟೇ ಉಳಿಯುತ್ತದೆ. ಅಕ್ಕಿಯ ಅಂಕಿಯನ್ನು ಅನ್ನದ ತೂಕಕ್ಕೆ ಅನ್ವಯಿಸಿದವರು ಬೇಕಾದುದರ ಮೂರನೆಯ ಒಂದು ಪಾಲನ್ನಷ್ಟೇ ಉಂಡು ಏಳುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯಕರ. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಕಾಣಿಸಿ, ಪ್ರಜ್ಞೆಯೂ ತಪ್ಪಬಹುದು.

ಆದುದರಿಂದ ಸಾಮಗ್ರಿಗಳನ್ನು ಬೇಯಿಸುವ ಮೊದಲೇ ತೂಗಬೇಕು. ಹೋಳಿಗೆಯನ್ನೇ ನೋಡೋಣ. ಕಡಲೆಬೇಳೆ 500 ಗ್ರಾಂ: 1650 ಕ್ಯಾಲೊರಿ. ಬೆಲ್ಲ 500 ಗ್ರಾಂ: 1750. ಮೈದಾ 250 ಗ್ರಾಂ: 875. ಎಣ್ಣೆ 100 ಗ್ರಾಂ: 900. ಒಟ್ಟು 5175. ಇದರಲ್ಲಿ 20 ಹೋಳಿಗೆಗಳಾದರೆ ಒಂದಕ್ಕೆ ಸುಮಾರು 260. ಮೇಲೆ ಸುರಿಯುವ 10 ಗ್ರಾಂ ತುಪ್ಪ ಇನ್ನೂ 90 ಸೇರಿಸುತ್ತದೆ. ಬೇಳೆಯ ಕಟ್ಟಿನೊಡನೆ ಸ್ವಲ್ಪ ಶಕ್ತಿ ಸಾರಿಗೆ ಹೋಗುವುದು ನಿಜ. ಆದರೆ ಆ ಸಾರನ್ನೂ ನಾವೇ ಉಣ್ಣುತ್ತೇವಷ್ಟೆ!

ಹೋಳಿಗೆಯಂತೆ ಎಣಿಸಲಾಗದ ಪಾಯಸ, ಪಲ್ಯಗಳಿಗೆ ಒಟ್ಟು ಕ್ಯಾಲೊರಿಯನ್ನು ಬೆಂದ ಅಡುಗೆಯ ಒಟ್ಟು ತೂಕದಿಂದ ಭಾಗಿಸಿ, ಬಡಿಸಿಕೊಂಡ ತೂಕದಿಂದ ಗುಣಿಸಬೇಕು. ಮಂಡಕ್ಕಿಯ ಜೊತೆಗಿನ ಮೆಣಸಿನಕಾಯಿ ಬಜ್ಜಿಗೆ ಬಾಣಲೆಯ ಎಣ್ಣೆಯನ್ನು ಕರಿಯುವ ಮೊದಲು ಮತ್ತು ಅನಂತರ ತೂಗಬೇಕು. ಕಡಿಮೆಯಾದ ಎಣ್ಣೆಯ ಬಹುಪಾಲು ಬಜ್ಜಿಯೊಳಗೇ ಇರುತ್ತದೆ.

ಸಾಮಗ್ರಿಗಳ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳು ವಿಶ್ವಾಸಾರ್ಹವಾದ ಆಧಾರ. ಅದರಲ್ಲಿ ಶಕ್ತಿಯನ್ನು ಕಿಲೋಜೌಲ್‌ಗಳಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕು. ಹಾಗೆ ದೊರೆಯುವುದು ಕಿಲೋಕ್ಯಾಲೊರಿ. ರೂಢಿಯಲ್ಲಿ ನಾವು ಕ್ಯಾಲೊರಿ ಎನ್ನುವುದು ಅದನ್ನೇ.

ಅಂಗಡಿಯ ಪೊಟ್ಟಣಗಳ ಲೆಕ್ಕವು ಅಮೆರಿಕದ ವಿಜ್ಞಾನಿ ಆಟ್‌ವಾಟರ್ ಹಾಕಿಕೊಟ್ಟ ಕ್ರಮವನ್ನು ಅವಲಂಬಿಸಿದೆ. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಸಸಾರಜನಕಕ್ಕೆ 4, ಕೊಬ್ಬಿಗೆ 9. ಬಿಸ್ಕತ್ತೊಂದರ 100 ಗ್ರಾಂನಲ್ಲಿ ಇವು ಕ್ರಮವಾಗಿ 70, 7, 20 ಗ್ರಾಂ ಇದ್ದರೆ 280, 28, 180 ಸೇರಿ 488 ಕ್ಯಾಲೊರಿ. ಪೊಟ್ಟಣ 60 ಗ್ರಾಂನದಾದರೆ ಸುಮಾರು 293. ಶರ್ಕರಪಿಷ್ಟದ ಕೆಳಗೆ ಮುದ್ರಿಸಿರುವ ಸಕ್ಕರೆಯು ಅದರೊಳಗೇ ಸೇರಿದ್ದು. ಅದನ್ನು ಮತ್ತೊಮ್ಮೆ ಕೂಡಿಸಬಾರದು.