ರಟ್ಟಿಗೆ ಕತ್ತರಿ ಹಾಕಬ್ಯಾಡ

ಸಿರುಗುಪ್ಪದ ಭತ್ತದ ಗದ್ದೆಯನ್ನು ಮೊಬೈಲ್ ಗೇಮಿಗೆ ತರಲು ಕೂತಾಗ ಒಂದೊಂದು ಪೈರಿಗೂ ಒಂದೊಂದು ಆಬ್ಜೆಕ್ಟ್ ಮಾಡಿದೆ. ತಳಿಯ ಹೆಸರು, ಬೆಳೆಯುವ ದಿನ, ಬೇಕಾದ ನೀರು, ಹಂತಹಂತದ ಬಣ್ಣಗಳ ಪಟ್ಟಿ, ಎಲ್ಲವನ್ನೂ ಪ್ರತಿ ಪೈರೂ ಹೊತ್ತಿತ್ತು. ಒಂದಕ್ಕೆ ಸುಮಾರು 1 ಕಿಲೋಬೈಟ್. 20,000 ಪೈರು ನೆಟ್ಟಾಗ ಹತ್ತಿರಹತ್ತಿರ 20 ಮೆಗಾಬೈಟ್ ಒಂದೇ ವಿವರದ ನಕಲುಗಳಿಗೆ ಹೋಯಿತು. ಅಕ್ಕನ ಹಳೆಯ ಫೋನಿನಲ್ಲಿ ಗದ್ದೆ ತೆರೆದುಕೊಳ್ಳಲು ತಿಣುಕಾಡಿತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾವನ ಜೀನ್ಸ್ ಕಟಿಂಗ್ ನೋಡುತ್ತ ಬೆಳೆದವನು ನಾನು. ಮೇಜಿನ ಮೇಲೆ ಡೆನಿಮ್ ಪದರ ಪದರವಾಗಿ ಹಾಸಿ, ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು ಗೆರೆ ಎಳೆದು, ಅಷ್ಟನ್ನೂ ಒಟ್ಟಿಗೇ ಮಷೀನಿನಲ್ಲಿ ಕತ್ತರಿಸುತ್ತಾರೆ. 32 ಸೈಜಿಗೆ ಒಂದೇ ಸೆಟ್ ರಟ್ಟು. ಪ್ಯಾಂಟಿಗೊಂದು ರಟ್ಟು ಯಾರು ಮಾಡುತ್ತಾರೆ? ನಾನು ಮಾಡಿದ್ದು ಅದನ್ನೇ.

ಪ್ರೋಗ್ರಾಮಿಂಗಿನಲ್ಲಿ, ಒಂದೇ ರಟ್ಟನ್ನು ಎಲ್ಲ ಪ್ಯಾಂಟಿಗೂ ಬಳಸುವಂಥ ಈ ಹಂಚಿಕೆಗೆ ಫ್ಲೈವೇಟ್ ಎನ್ನುತ್ತಾರೆ. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ನಾಲ್ವರ 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ ಇದನ್ನು ಪುಟದ ಮೇಲಿನ ಅಕ್ಷರಗಳಿಂದ ವಿವರಿಸುತ್ತದೆ: ಒಂದು ಅಕ್ಷರ ಎಷ್ಟು ಸಲ ಬಂದರೂ ಆಬ್ಜೆಕ್ಟ್ ಒಂದೇ, ಜಾಗ ಮಾತ್ರ ಬೇರೆ. ನಾನೂ ತಳಿಯ ವಿವರವನ್ನು ಒಂದೆಡೆ ಇಟ್ಟೆ. ಪೈರಿನ ಬಳಿ ಉಳಿದದ್ದು ಜಾಗ, ವಯಸ್ಸು, ಕುಡಿದ ನೀರು, ತಳಿಯ ಕಡೆಗೊಂದು ಕೊಂಡಿ. ಅಷ್ಟೂ ಸೇರಿ 28 ಬೈಟ್. 20,000 ಪೈರಿಗೆ 560 ಕಿಲೋಬೈಟ್. ಗದ್ದೆ ಸರಾಗವಾಗಿ ತೆರೆದಾಗ ಕುಣಿದಾಡುವಷ್ಟು ಖುಷಿ.

ಆಮೇಲೆ ಬಿತ್ತು ಪೆಟ್ಟು. ರೋಗ ಬಂದ ಪೈರು ಹಳದಿಯಾಗಲೆಂದು ಬಣ್ಣ ಬದಲಿಸಿದೆ. ಬದಲಿಸಿದ್ದು ಎಲ್ಲಕ್ಕೂ ಸೇರಿದ ತಳಿಯ ಬಣ್ಣವನ್ನು! ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಬಯಲು ಹಳದಿ. ತಳಿಯ ವಿವರವನ್ನು ಯೂನಿಟಿ ಗೇಮ್ ಎಂಜಿನಿನ ಸ್ಕ್ರಿಪ್ಟಬಲ್ ಆಬ್ಜೆಕ್ಟಿನಲ್ಲಿ ಇಟ್ಟಿದ್ದರಿಂದ, ಎಡಿಟರಿನಲ್ಲಿ ಆಟ ನಿಲ್ಲಿಸಿದ ಮೇಲೂ ಆ ಹಳದಿ ಹೋಗಲಿಲ್ಲ. ಎರಡು ರಾತ್ರಿ ತಪ್ಪು ಜಾಗದಲ್ಲಿ ಹುಡುಕಿದೆ. ಮಾವನ ಬಳಿ ಹೊಸದಾಗಿ ಸೇರಿದ ಹುಡುಗನೊಬ್ಬ ಪ್ಯಾಂಟು ಉದ್ದವಾಯಿತೆಂದು ರಟ್ಟನ್ನೇ ಕತ್ತರಿಸಿದ್ದು ಆಗ ನೆನಪಾಯಿತು. ಮಾವ ಬಯ್ಯಲಿಲ್ಲ. “ಬಟ್ಟೀಗೆ ಕತ್ತರಿ ಹಾಕಪ್ಪ, ರಟ್ಟಿಗೆ ಹಾಕಬ್ಯಾಡ” ಅಂದಿದ್ದ.

ಈಗ ತಳಿಯ ವಿವರವನ್ನು ಆಟದ ನಡುವೆ ಓದಬಹುದು, ತಿದ್ದಲಾಗದು. ರೋಗ ಆಯಾ ಪೈರಿನದು. ಅದಕ್ಕೆ ಇನ್ನಷ್ಟು ಬೈಟ್ ಹೋದರೂ ಹೋಗಲಿ.

ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ಕುರುಗೋಡಿನ ನಂದಿ ವಿಗ್ರಹ ದೊಡ್ಡಬಸವೇಶ್ವರನನ್ನೂ ಇದೇ ಹಂಚಿಕೆಗೆ ಸೇರಿಸಿದ್ದೆ. ಆಟದಲ್ಲಿ ಅವನು ಬರುವುದು ಒಂದೇ ಕಡೆ. ಆ ಕೋಡ್ ತೆಗೆದುಹಾಕಿದೆ. ಬಸವಣ್ಣನ ವಿವರವೆಲ್ಲ ಈಗ ಬಸವಣ್ಣನ ಬಳಿಯೇ ಇದೆ.