ಉಸಿರು ಕಟ್ಟಿದ ಯಂತ್ರ

ಜುಲೈ ತಿಂಗಳ ಮಡಿಕೇರಿಯನ್ನು ನೆನೆದುಕೊಳ್ಳಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಆ ಊರನ್ನು ಮಂಜು ಮುಸುಕಿರುತ್ತದೆ. ಮಳೆ ಹಗಲಿರುಳೆನ್ನದೆ ಸುರಿಯುತ್ತಿರುತ್ತದೆ. ಮನೆಮಂದಿಯೆಲ್ಲ ಬೆಚ್ಚನೆಯ ಉಡುಪು ತೊಟ್ಟು ಒಲೆಯ ಬಳಿ ಕುಳಿತಿರುವಾಗ, ಅದೇ ಮನೆಯ ಮೇಜಿನ ಮೇಲಿರುವ ಲ್ಯಾಪ್‌ಟಾಪ್ ಕೈಯಿಟ್ಟರೆ ಸುಡುವಷ್ಟು ಕಾಯುವುದುಂಟು. ಅದರೊಳಗಿನ ಫ್ಯಾನು ಬಿರುಗಾಳಿಯಂತೆ ಸದ್ದು ಮಾಡುತ್ತದೆ. ಪರದೆಯ ಮೇಲಿನ ಆಟ ತಡವರಿಸುತ್ತದೆ. ಕೊನೆಗೆ ಯಂತ್ರವು ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಯಂತ್ರ ಕೆಟ್ಟಿತೆಂದು ಮನೆಯವರು ನಿರ್ಧರಿಸಿಬಿಡುತ್ತಾರೆ. ಆದರೆ ಮಗನೋ ಮಗಳೋ ಆಟವಾಡುವುದಷ್ಟೇ ಅಲ್ಲದೆ ಓದುವುದೂ ಅದರಲ್ಲಿಯೇ. ಹೊಸದನ್ನು ಕೊಳ್ಳಹೊರಟರೆ ಸಣ್ಣ ಬೆಳೆಗಾರನ ವರ್ಷದ ಉಳಿತಾಯವೇ ಕರಗಬಹುದು. ಆದುದರಿಂದ ತೀರ್ಪು ಕೊಡುವ ಮೊದಲು ಕಾರಣವನ್ನು ವಿಚಾರಿಸುವುದು ವಿವೇಕ. ಹೊರಗೆ ಇಷ್ಟು ಚಳಿಯಿರುವಾಗ ಒಳಗಿನ ಬಿಸಿ ಎಲ್ಲಿಂದ ಬಂತು?

ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವ ಪ್ರೊಸೆಸರ್, ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಚಿಪ್ ಎಂಬ ಎರಡು ಮುಖ್ಯ ಭಾಗಗಳಿವೆ. ಇವು ಬಳಸುವ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿ ಪರಿಣಮಿಸುತ್ತದೆ. ಆಟಗಳಿಗೆಂದೇ ರೂಪಿಸಿದ ಲ್ಯಾಪ್‌ಟಾಪಿನಲ್ಲಿ ಇವೆರಡೂ ಸೇರಿ 100 ವ್ಯಾಟಿಗೂ ಹೆಚ್ಚು ವಿದ್ಯುತ್ತನ್ನು ಬಳಸುವುದು ಸಾಮಾನ್ಯ. ಹಳೆಯ ಕಾಲದ 60 ವ್ಯಾಟಿನ ಬಲ್ಬು ಉರಿಯುತ್ತಿರುವಾಗ ಅದನ್ನು ಮುಟ್ಟಿದವರು ಆ ಬಿಸಿಯನ್ನು ಮರೆಯಲಾರರು. ಅದಕ್ಕೂ ಮಿಗಿಲಾದ ಶಾಖವು ಇಲ್ಲಿ ಅಂಗೈಗಿಂತಲೂ ಚಿಕ್ಕದಾದ ಬಿಲ್ಲೆಗಳಲ್ಲಿ ಹುಟ್ಟುತ್ತದೆ.

ಈ ಶಾಖವನ್ನು ಹೊರಗೆ ಸಾಗಿಸಲು ಚಿಪ್ಪುಗಳ ಮೇಲೆ ತಾಮ್ರದ ಕೊಳವೆಗಳನ್ನು ಹಾಯಿಸಿರುತ್ತಾರೆ. ಅವುಗಳೊಳಗೆ ಸ್ವಲ್ಪ ದ್ರವವಿರುತ್ತದೆ. ಕಡಂಬುಟ್ಟನ್ನು ಬೇಯಿಸುವ ಹಬೆಪಾತ್ರೆಯನ್ನು ನೀವು ನೋಡಿರಬಹುದು. ತಳದ ನೀರು ಆವಿಯಾಗಿ ಮೇಲೇರಿ, ತಣ್ಣನೆಯ ಮುಚ್ಚಳವನ್ನು ಮುಟ್ಟಿ, ತನ್ನ ಶಾಖವನ್ನು ಅಲ್ಲಿ ಬಿಟ್ಟು, ಮತ್ತೆ ಹನಿಯಾಗಿ ಇಳಿಯುತ್ತದೆ. ತಾಮ್ರದ ಕೊಳವೆಯಲ್ಲಿ ನಡೆಯುವುದೂ ಇದೇ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ 1963ರಲ್ಲಿ ಇಂತಹ ಕೊಳವೆಯನ್ನು ನಿರ್ಮಿಸಿ ತೋರಿಸಿದರು. ಮುಂದೆ ಬಾಹ್ಯಾಕಾಶದ ಉಪಗ್ರಹಗಳಲ್ಲಿಯೂ ಬಳಕೆಗೆ ಬಂದ ಆ ಉಪಾಯವೇ ಇಂದು ನಮ್ಮ ಮೇಜಿನ ಮೇಲಿದೆ. ಕೊಳವೆಯ ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಜೋಡಿಸಿದ ತೆಳುವಾದ ಲೋಹದ ಹಾಳೆಗಳಿರುತ್ತವೆ. ಫ್ಯಾನು ಯಂತ್ರದ ಅಡಿಯಿಂದ ತಣ್ಣನೆಯ ಗಾಳಿಯನ್ನು ಸೆಳೆದು ಆ ಹಾಳೆಗಳ ನಡುವೆ ನೂಕುತ್ತದೆ. ಗಾಳಿಯೊಡನೆ ಶಾಖವೂ ಹೊರಬೀಳುತ್ತದೆ.

ಗಾಳಿ ಒಳಹೊಕ್ಕಂತೆ ಅದರೊಡನೆ ಧೂಳೂ ಹೊಕ್ಕುತ್ತದೆ. ಕೊಡಗಿನ ಮನೆಗಳಲ್ಲಿ ಧೂಳಿಗೆ ಕೊರತೆಯಿಲ್ಲ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಒಣಗುವ ಹಣ್ಣಿನ ಸಿಪ್ಪೆಯ ಪುಡಿ, ಬೇಸಗೆಯಲ್ಲಿ ದಾರಿಯ ಕೆಮ್ಮಣ್ಣು, ಮಳೆಗಾಲದಲ್ಲಿ ಸೌದೆ ಒಲೆಯ ಮಸಿ, ಕಂಬಳಿಯ ಎಳೆ, ಸಾಕುನಾಯಿಯ ಕೂದಲು ಎಲ್ಲವೂ ಸೇರುತ್ತವೆ. ಮಳೆಗಾಲದ ತೇವ ಇವನ್ನು ಇನ್ನಷ್ಟು ಅಂಟಿಸುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬಂತೆ, ಕಣ್ಣಿಗೆ ಕಾಣದ ಕಣಗಳು ಫ್ಯಾನಿಗೂ ಲೋಹದ ಹಾಳೆಗಳಿಗೂ ನಡುವೆ ಕೂಡಿಕೊಂಡು ಕಂಬಳಿಯ ತುಂಡಿನಂತಹ ಒಂದು ಪದರವಾಗುತ್ತವೆ. ಆಗ ಫ್ಯಾನು ಎಷ್ಟು ವೇಗವಾಗಿ ತಿರುಗಿದರೂ ಗಾಳಿಗೆ ದಾರಿಯಿಲ್ಲ. ಊರೆಲ್ಲ ತಣ್ಣಗಿದ್ದರೂ ಆ ತಂಪು ಒಳಗನ್ನು ಮುಟ್ಟಲಾರದು. ಹಾಸಿಗೆಯ ಮೇಲಿಟ್ಟು ಬಳಸಿದರೆ ಅಡಿಯ ಕಿಂಡಿಗಳೂ ಮುಚ್ಚಿ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಶಾಖವು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತಾನಾಗಿಯೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಟ ತಡವರಿಸುವುದು ಇದರಿಂದಲೇ. ಅಷ್ಟಕ್ಕೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗದಂತೆ ಯಂತ್ರವು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ನಾವು ರೋಗವೆಂದು ತಿಳಿದುದು ನಿಜವಾಗಿ ಯಂತ್ರದ ಆತ್ಮರಕ್ಷಣೆ.

ಪರಿಹಾರ ಸುಲಭ, ಆದರೆ ತಾಳ್ಮೆ ಬೇಕು. ಮೊದಲ ಸಲ ತಿಳಿದವರ ಜೊತೆಯಲ್ಲಿ ಮಾಡುವುದೇ ಒಳ್ಳೆಯದು. ವಾರಂಟಿಯ ಅವಧಿ ಮುಗಿದಿಲ್ಲವಾದರೆ, ತೆರೆಯುವ ಮುನ್ನ ಅದರ ನಿಯಮವನ್ನು ಓದಬೇಕು. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರನ್ನು ಕಿತ್ತು, ತಣ್ಣಗಾಗಲು ಬಿಡಬೇಕು. ತಳದ ತಿರುಪುಗಳ ಉದ್ದ ಬೇರೆ ಬೇರೆಯಾಗಿರುವುದರಿಂದ, ಬಿಚ್ಚಿದ ಕ್ರಮದಲ್ಲಿಯೇ ಅವನ್ನು ಕಾಗದದ ಮೇಲೆ ಜೋಡಿಸಿಡಬೇಕು. ಒಳಗೆ ಕೈಯಿಡುವ ಮೊದಲು ಯಾವುದಾದರೂ ದೊಡ್ಡ ಲೋಹದ ವಸ್ತುವನ್ನು ಮುಟ್ಟಿದರೆ ಮೈಮೇಲಿನ ಸ್ಥಾಯಿ ವಿದ್ಯುತ್ತು ಹರಿದುಹೋಗುತ್ತದೆ. ಬಳಿಕ ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಒಣ ಕುಂಚದಿಂದ ಧೂಳನ್ನು ಸಡಿಲಿಸಿ, ಗಾಳಿ ಊದುವ ರಬ್ಬರ್ ಬುರುಡೆಯಿಂದ ಹಾರಿಸಬೇಕು. ಫ್ಯಾನಿನ ಹಿಂದೆ ಪದರ ಗಟ್ಟಿಯಾಗಿ ಕುಳಿತಿದ್ದರೆ ಫ್ಯಾನನ್ನು ಬಿಚ್ಚಿಯೇ ತೆಗೆಯಬೇಕಾಗುತ್ತದೆ. ಬಾಯಿಯಿಂದ ಊದಬಾರದು, ಎಂಜಲಿನ ತೇವ ಒಳಸೇರುತ್ತದೆ. ಒದ್ದೆ ಬಟ್ಟೆಯನ್ನಂತೂ ತಾಗಿಸಲೇಬಾರದು.

ಇಷ್ಟಾದರೂ ಬಿಸಿ ಇಳಿಯದಿದ್ದರೆ, ಚಿಪ್ಪಿಗೂ ತಾಮ್ರಕ್ಕೂ ನಡುವೆ ಶಾಖ ಹಾಯಿಸಲು ಹಚ್ಚಿದ ಲೇಪ ವರ್ಷಗಳು ಕಳೆದು ಒಣಗಿರಬಹುದು. ಅದನ್ನು ಬದಲಿಸುವುದು ನುರಿತವರ ಕೆಲಸ. ತನ್ನಿಂದಾಗುವ ಕೆಲಸ ಯಾವುದು, ಆಗದ್ದು ಯಾವುದು ಎಂದು ತಿಳಿದಿರುವುದೂ ಜಾಣತನವೇ.

ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒದಗಿಸಿದುದು ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಧೂಳು ತೆಗೆದಿದ್ದರೆ ಇನ್ನೂ ಬಾಳುತ್ತಿದ್ದ ಯಂತ್ರವು ಈ ರಾಶಿಗೆ ಸೇರುವುದು ಹಣದ ನಷ್ಟವಷ್ಟೇ ಅಲ್ಲ, ನೆಲಕ್ಕೂ ನೀರಿಗೂ ಹೊರೆ.

ಕೊಡಗಿನವರಿಗೆ ಈ ಎಚ್ಚರ ಹೊಸತಲ್ಲ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಆರಂಭದ ವೇಳೆಗೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಕೃಷಿಯ ಸಲಕರಣೆಗಳನ್ನೆಲ್ಲ ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಪೂಜೆಗೆ ಮುನ್ನ ಶುಚಿಗೊಳಿಸುವ ಕೆಲಸವಿದೆ ಎಂಬುದನ್ನು ಗಮನಿಸಬೇಕು. ತನಗೆ ಅನ್ನ ಕೊಡುವ ಸಲಕರಣೆಯನ್ನು ತನ್ನ ಕೈಯಿಂದಲೇ ಒರೆಸಿ ಕಾಪಾಡಬೇಕೆಂಬ ತಿಳಿವಳಿಕೆ ಆ ಆಚರಣೆಯಲ್ಲಿದೆ. ಇಂದು ವಿದ್ಯೆಗೂ ದುಡಿಮೆಗೂ ಒದಗುವ ಲ್ಯಾಪ್‌ಟಾಪೂ ಒಂದು ಸಲಕರಣೆಯೇ. ವರ್ಷಕ್ಕೊಮ್ಮೆ ಅದರ ಧೂಳನ್ನು ತೆಗೆದು ಗಾಳಿಯ ದಾರಿಯನ್ನು ತೆರವು ಮಾಡಿದರೆ, ಅದು ಇನ್ನೂ ಕೆಲವು ಮಳೆಗಾಲಗಳನ್ನು ನಮ್ಮೊಡನೆ ಕಳೆಯಬಲ್ಲದು.