ನೆರೆಹೊರೆಯ ವಿದ್ಯುತ್ ವ್ಯಾಪಾರದಲ್ಲಿ ವರ್ತಕನ ಸ್ಥಾನ

ಸಂತೆಯಲ್ಲಿ ರೈತನೂ ಗಿರಾಕಿಯೂ ನೇರವಾಗಿ ಕೊಟ್ಟು ಕೊಳ್ಳುವಂತೆ, ಮಾಳಿಗೆಯ ಮೇಲೆ ಸೌರಫಲಕವುಳ್ಳವನು ತನಗೆ ಮಿಕ್ಕ ವಿದ್ಯುಚ್ಛಕ್ತಿಯನ್ನು ನೆರೆಮನೆಗೆ ಮಾರಲಿ, ನಡುವೆ ದಲ್ಲಾಳಿ ಏತಕ್ಕೆ ಎಂಬ ವಾದವು ಇಂದು ಹಲವು ದೇಶಗಳಲ್ಲಿ ಕೇಳಿಬರುತ್ತಿದೆ. ವಾದವೇನೋ ಕಿವಿಗೆ ಇಂಪಾಗಿದೆ. ಆದರೆ ವಿದ್ಯುತ್ತು ಬದನೆಕಾಯಿಯಲ್ಲ! ತಂತಿಗೆ ಬಿಟ್ಟ ವಿದ್ಯುತ್ತು ಯಾರ ವಿಳಾಸವನ್ನೂ ಹೊತ್ತು ಹೋಗುವುದಿಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗುತ್ತಿರಬೇಕು. ಆದುದರಿಂದ ಈ ವ್ಯಾಪಾರವು ವಾಸ್ತವದಲ್ಲಿ ಲೆಕ್ಕದ ವ್ಯಾಪಾರ. ಇವನು ತಂತಿಗೆ ಕೊಟ್ಟುದಕ್ಕೂ ಅವನು ತೆಗೆದುಕೊಂಡುದಕ್ಕೂ ಗಂಟುಹಾಕುವ ಕೆಲಸ. ಮೋಡ ಕವಿದರೆ ಕೊರತೆಯನ್ನು ಬೇರೊಬ್ಬರು ಆಗಿಂದಾಗಲೇ ತುಂಬಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ತಂತಿಯ ಒಡೆಯ ಬೇರೆ, ವಿದ್ಯುತ್ತನ್ನು ಮಾರುವ ಚಿಲ್ಲರೆ ವರ್ತಕ ಬೇರೆ. 1999ರಿಂದ ಅಲ್ಲಿನ ಗೃಹಸ್ಥರೆಲ್ಲರೂ ತಮ್ಮ ವರ್ತಕನನ್ನು ತಾವೇ ಆರಿಸಿಕೊಳ್ಳಬಲ್ಲರು. 2015ರಲ್ಲಿ ಅಲ್ಲಿ 'ಪಿಕ್ಲೋ' ಎಂಬ ಪ್ರಯೋಗವು ಅರ್ಧ ಗಂಟೆಗೊಮ್ಮೆ ಉತ್ಪಾದಕರನ್ನೂ ಬಳಕೆದಾರರನ್ನೂ ಜೋಡಿಸತೊಡಗಿತು. ಗಮನಿಸಬೇಕಾದುದೇನೆಂದರೆ, 'ಗುಡ್ ಎನರ್ಜಿ' ಎಂಬ ಪರವಾನಗಿ ಪಡೆದ ವರ್ತಕ ಸಂಸ್ಥೆ ಅದರಲ್ಲಿ ಪಾಲುದಾರ. ನೇರ ವ್ಯಾಪಾರಕ್ಕೂ ವರ್ತಕನ ಹೆಗಲು ಬೇಕಾಯಿತು. ಹಾಲೆಂಡಿನಲ್ಲಿ 2014ರಲ್ಲಿ ಕೆಲಸಕ್ಕೆ ತೊಡಗಿದ 'ವಾಂಡೆಬ್ರಾನ್' ಸಂಸ್ಥೆಯದು ಇನ್ನೊಂದು ಬಗೆ. ಗಾಳಿಯಂತ್ರವುಳ್ಳ ಇಂಥ ರೈತನಿಂದಲೇ ಕೊಳ್ಳುವೆನೆಂದು ಗಿರಾಕಿ ಆರಿಸಿಕೊಳ್ಳುವನು. ಸಂಸ್ಥೆಯು ಯೂನಿಟ್ಟಿನ ಮೇಲೆ ಲಾಭವಿಡದೆ ತಿಂಗಳ ಚಂದಾ ಪಡೆಯುವ ಕ್ರಮದಿಂದ ಮೊದಲುಮಾಡಿತು. ನನ್ನ ಮಟ್ಟಿಗೆ ಇದೇ ಹೆಚ್ಚು ನ್ಯಾಯವಾದ ದಾರಿ.

ವರ್ತಕನ ನಿಜವಾದ ಬೆಲೆ ತಿಳಿದದ್ದು ಕಷ್ಟಕಾಲದಲ್ಲಿ. 2021ರಲ್ಲಿ ಅನಿಲದ ಧಾರಣೆ ಗಗನಕ್ಕೇರಿದಾಗ, ಮುಂಗಡ ಖರೀದಿ ಸಾಲದಿದ್ದ ಹಲವು ಬ್ರಿಟಿಷ್ ವರ್ತಕ ಸಂಸ್ಥೆಗಳು, ಸರಕಾರಿ ದರಮಿತಿಯನ್ನು ಮೀರಿ ವಸೂಲುಮಾಡಲಾರದೆ ದಿವಾಳಿಯೆದ್ದವು. ಆದರೂ ಗಿರಾಕಿಗಳ ಮನೆಯ ದೀಪ ಆರಲಿಲ್ಲ. ನಿಯಂತ್ರಕ ಸಂಸ್ಥೆಯಾದ 'ಆಫ್‌ಜೆಮ್' ಅವರಲ್ಲಿ ಬಹುಮಂದಿಯನ್ನು ಬೇರೆ ವರ್ತಕರಿಗೆ ಒಪ್ಪಿಸಿತು. ಅದರ ವೆಚ್ಚ ದೇಶದ ಎಲ್ಲರ ಬಿಲ್ಲಿಗೂ ಸೇರಿತು. ಕೇವಲ ನೆರೆಯವನನ್ನೇ ನೆಚ್ಚಿದವನಿಗೆ ಇಂಥ ಆಸರೆ ಕೊಡುವವರು ಯಾರು?

ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೂ ತೊಡಕಿನದು. ಇಲ್ಲಿ ತಂತಿಯೂ ಮಾರಾಟವೂ ಸಾಮಾನ್ಯವಾಗಿ ಒಂದೇ ವಿತರಣಾ ಕಂಪನಿಯ ಕೈಯಲ್ಲಿವೆ. ಕಾರ್ಖಾನೆ, ಅಂಗಡಿಗಳು ಹೆಚ್ಚು ದರ ತೆತ್ತು ಇತರರ ಹೊರೆಯಲ್ಲಿ ಪಾಲುಗೊಳ್ಳುವುದು ಇಲ್ಲಿನ ರೂಢಿ. ಮಾಳಿಗೆಯುಳ್ಳವರೂ ಹಣವುಳ್ಳವರೂ ತಮ್ಮ ತಮ್ಮಲ್ಲೇ ಕೊಡುಕೊಳ್ಳುವುದಾದರೆ ಕಂಬ ತಂತಿಗಳ ಖರ್ಚು ಉಳಿದವರ ತಲೆಗೆ ಬರುವುದು. ಉಳಿದವರೆಂದರೆ ಬಾಡಿಗೆ ಮನೆಯವರು, ಹೆಂಚಿನ ಮನೆಯ ಬಡವರು. ಆದುದರಿಂದ ನೆರೆಯವನಿಗೆ ಮಾರುವವನೂ ತಂತಿಯ ಬಾಡಿಗೆಯನ್ನು ಪೂರ್ತಿ ತೆರಲಿ ಎನ್ನುವೆನು. 2021ರಲ್ಲಿ ಉತ್ತರ ದೆಹಲಿಯಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಿದ್ದು ಅಲ್ಲಿನ ವಿತರಣಾ ಕಂಪನಿಯೇ.